ಲೆಕ್ಕ ತಪ್ಪಿದೆ ಸ್ವಾಮಿ!

ಇನ್‌ಕಮ್ ಟ್ಯಾಕ್ಸ್ ಅಂದರೆ ನನಗೆ ಇಷ್ಟು ವರ್ಷ ಪೇ ಸ್ಲಿಪ್‌ನಲ್ಲಿ ಕಾಣುವ ಒಂದು ಸಾಲು, ಅಷ್ಟೇ. ತಿಂಗಳ ಕೊನೆಗೆ ಆ ಸಾಲು ನೋಡಿ ಒಂದು ನಿಟ್ಟುಸಿರು ಬಿಟ್ಟರೆ ಮುಗಿಯಿತು. ಕಳೆದ ವರ್ಷ ಒಂದು ದಿನ ಬೆಳಿಗ್ಗೆ ಆಫೀಸಿನಲ್ಲಿ ಕೂತು ಮೇಲ್ ತೆಗೆದರೆ, ನಾನು 38,420 ರೂಪಾಯಿ ತೆರಿಗೆ ಬಾಕಿದಾರ ಅಂತ ಬಂದಿತ್ತು. ಬಡ್ಡಿ ಸೇರಿ. ಎದೆ ಧಸಕ್ ಅಂತು. ನಮ್ಮ ಮನೆತನದಲ್ಲಿ ಸೊಸೈಟಿ ಸಾಲ ಬಿಟ್ಟರೆ ಬಾಕಿ ಎನ್ನುವ ಶಬ್ದವನ್ನೇ ಯಾರೂ ಜೋರಾಗಿ ಹೇಳುವುದಿಲ್ಲ!

ಆದದ್ದು ಇಷ್ಟು. ಆ ವರ್ಷ ನಾನು ಕೆಲಸ ಬದಲಾಯಿಸಿದ್ದೆ. ಹಳೇ ಕಂಪನಿಯವರು ನನ್ನ ಸಂಬಳದಲ್ಲಿ ತೆರಿಗೆ ಮುರಿದುಕೊಂಡಿದ್ದರು, ಕಟ್ಟಿಯೂ ಇದ್ದರು. ಆದರೆ ಲೆಕ್ಕ ಸಲ್ಲಿಸುವಾಗ ನನ್ನ ಪ್ಯಾನ್ ನಂಬರಿನ ಒಂದು ಅಂಕಿಯನ್ನು ತಪ್ಪಾಗಿ ಬರೆದಿದ್ದರು. ಹಾಗಾಗಿ ದುಡ್ಡು ಹೋಗಿದೆ, ಆದರೆ ನನ್ನ ಹೆಸರಿಗೆ ಹೋಗಿಲ್ಲ. ಕಂಪ್ಯೂಟರಿನ ಪ್ರಕಾರ ಆ ತಿಂಗಳುಗಳ ತೆರಿಗೆ ನಾನು ಕಟ್ಟಿಯೇ ಇಲ್ಲ.

ಪೋರ್ಟಲ್‌ಗೆ ಹೋಗಿ ನೋಡಿದೆ. ಬಾಕಿಯ ಎದುರಿಗೆ ಉತ್ತರ ಕೊಡಲು ಜಾಗ ಇತ್ತು. ಬಾಕಿ ಸರಿಯಾಗಿದೆ ಅಂತ ಒಪ್ಪಿಕೊಂಡು ಕಟ್ಟಬಹುದು. ಇಲ್ಲವಾದರೆ ‘ಈ ಬಾಕಿಯನ್ನು ನಾನು ಒಪ್ಪುವುದಿಲ್ಲ’ ಅಂತ ಕ್ಲಿಕ್ ಮಾಡಿ ಕಾರಣ ಬರೆಯಬಹುದು. ಎರಡನೆಯದನ್ನು ಒತ್ತುವಾಗ ನಿಜ ಹೇಳಬೇಕೆಂದರೆ ಕೈ ನಡುಗಿತು. ಸರ್ಕಾರಕ್ಕೆ ‘ನಿಮ್ಮ ಲೆಕ್ಕ ತಪ್ಪು’ ಅಂತ ಹೇಳುವುದು ಅಂದರೇನು ಹುಡುಗಾಟವಾ?

ಸಂಜೆ ಊರಿಗೆ ಫೋನ್ ಮಾಡಿದಾಗ ಅಜ್ಜನಿಗೆ ಹೇಳಿದೆ. ನಮ್ಮದು ಸಿದ್ದಾಪುರ ಸೀಮೆ. ಅಜ್ಜ ಸ್ವಲ್ಪವೂ ಗಾಬರಿಯಾಗದೆ ‘ಹೆದ್ರಡ ತಮಾ, ಕಾಗದ ಒಂದ್ ಕಳೆಯಡ’ ಅಂದು ಎಲೆ ಅಡಿಕೆ ಹಾಕಿಕೊಂಡರು. ಹೆದರದೆ ಹೀಗೆ ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬಂತು ಅಂತ ಯೋಚಿಸುತ್ತಾ ಹೋದೆ. ಹಾಗೆ ಶುರುವಾದ ಓದು ಇದು. ‘ಒಪ್ಪುವುದಿಲ್ಲ’ ಎನ್ನುವ ಆ ಸಣ್ಣ ಗುಂಡಿಯ ಹಿಂದೆ ಸುಮಾರು ಇನ್ನೂರು ವರ್ಷದ ಕಥೆ ಇದೆ ಕಣ್ರೀ.

*

ಮೊದಲು ಬಾಗಿಲೇ ಇಲ್ಲದ ಕಾಲಕ್ಕೆ ಹೋಗೋಣ. ಅದಕ್ಕೆ ನಮ್ಮ ಪಕ್ಕದ ನಗರ ಸೀಮೆಯೇ ಸಾಕು. ನಗರ ಅಂದರೆ ಸಿಟಿ ಅಲ್ಲ, ಕೆಳದಿ ಅರಸರ ಬಿದನೂರು. ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಶರ್ತಿ ಅನ್ನುವ ಪದ್ಧತಿ ನಡೆಯುತ್ತಿತ್ತು. ಅಮಲ್ದಾರ ‘ಈ ತಾಲೂಕಿನಿಂದ ಇಷ್ಟು ಕಂದಾಯ ತಂದುಕೊಡುತ್ತೇನೆ’ ಅಂತ ಸರ್ಕಾರಕ್ಕೆ ಮೊದಲೇ ಶರತ್ತು ಬರೆದುಕೊಡಬೇಕು. ಅದಕ್ಕಿಂತ ಕಡಿಮೆಯಾದರೆ ಅವನ ತಲೆಗೆ ಬಂತು. ಈಗಿನ ಸೇಲ್ಸ್ ಟಾರ್ಗೆಟ್ ಇದ್ದ ಹಾಗೆ. ಟಾರ್ಗೆಟ್ ಇಟ್ಟುಕೊಂಡವನು ರೈತನ ಬೆಳೆ ನೋಡುತ್ತಾನಾ, ತನ್ನ ಕುರ್ಚಿ ನೋಡುತ್ತಾನಾ? ನೀವೇ ಹೇಳಿ.

ಇದರ ಜೊತೆ ಇನ್ನೊಂದು ಸೇರಿತು. ನಗರದಲ್ಲಿ ಹಿಂದಿನ ಫೌಜುದಾರರ ಕಾಲದಲ್ಲಿ ಹಳೇ ಬಾಕಿಗಳನ್ನು ಮನ್ನಾ ಮಾಡಲಾಗಿತ್ತು. ಹೊಸದಾಗಿ ಬಂದ ಅಧಿಕಾರಿಗೆ ಆ ಮನ್ನಾದ ಲೆಕ್ಕದಲ್ಲೇ ಮೋಸ ಕಂಡಿತು. ಹಳೇ ಕಡತ ಮತ್ತೆ ತೆರೆದರು. ಮುಗಿಯಿತು ಅಂದುಕೊಂಡಿದ್ದ ಬಾಕಿ ಮತ್ತೆ ಜೀವ ಪಡೆಯಿತು. ಮೋಸ ಆಗಿತ್ತೋ ಇಲ್ಲವೋ, ಆಗಿದ್ದರೆ ಮಾಡಿದವರು ಯಾರು ಅನ್ನುವುದು ಬೇರೆ ಪ್ರಶ್ನೆ. ಆದರೆ ರೈತನ ಜಾಗದಲ್ಲಿ ನಿಂತು ನೋಡಿ. ಲೆಕ್ಕ ಹಾಕುವವನು ಅಮಲ್ದಾರ, ವಸೂಲು ಮಾಡುವವನು ಅಮಲ್ದಾರ, ಅಹವಾಲು ಕೇಳಬೇಕಾದವನೂ ಅವನೇ, ಇಲ್ಲವಾದರೆ ಅವನ ಮೇಲಿನವನು.

1830ರ ಆಗಸ್ಟ್ ಹೊತ್ತಿಗೆ ರೈತರು ಕೂಟ ಸೇರತೊಡಗಿದರು. ಕೂಟ ಎನ್ನುವುದೇ ಅದರ ಹೆಸರು. ಹೊಸಂತೆಯಂಥ ಊರುಗಳಲ್ಲಿ ಸಾವಿರಾರು ಜನ ಸೇರಿ ಕಂದಾಯ ಕಟ್ಟುವುದಿಲ್ಲ, ನಮ್ಮ ಕಷ್ಟ ಕೇಳಿ ಅಂದರು. ಅಹವಾಲಿನಿಂದ ಶುರುವಾದದ್ದು ಬಂಡಾಯವಾಯಿತು. ಕೆಳದಿ ಮನೆತನದ ಹಕ್ಕುದಾರ ತಾನು ಅಂತ ಬೂದಿ ಬಸವಪ್ಪ ಎದ್ದ. ಸೈನ್ಯ ಬಂತು, ರಕ್ತ ಹರಿಯಿತು. ಕೊನೆಗೆ 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಇದೇ ನೆಪದಲ್ಲಿ ಮಹಾರಾಜರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡರು. ಅದು ಒಡೆಯರ ಮನೆತನಕ್ಕೆ ವಾಪಸು ಬಂದದ್ದು 1881ರಲ್ಲಿ, ಅಂದರೆ ಐವತ್ತು ವರ್ಷದ ನಂತರ. ಬಂಡಾಯಕ್ಕೆ ಕಾರಣ ಏನು ಅಂತ ತನಿಖೆಗೆ ಸಮಿತಿ ಮಾಡಿದರು, ಅದು 1833ರಲ್ಲಿ ವರದಿಯನ್ನೂ ಕೊಟ್ಟಿತು. ರಾಜ್ಯ ಹೋದ ಮೇಲೆ ವರದಿ! ಬೆಂಕಿ ಆರಿದ ಮೇಲೆ ಬಾವಿ ತೋಡಿದ ಹಾಗೆ.

ಬಾಕಿಯ ಬಗ್ಗೆ ಜಗಳವಾಡಲು ಒಂದು ಬಾಗಿಲು ಇಲ್ಲದಿದ್ದರೆ ಜನ ಗೋಡೆ ಒಡೆಯುತ್ತಾರೆ. ಆ ಗೋಡೆ ಯಾರ ಮೇಲೆ ಬೀಳುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ.

*

ಈಗ ಸುಮಾರು ನೂರು ವರ್ಷ ಮುಂದೆ, ಗುಜರಾತಿನ ಸೂರತ್ ಜಿಲ್ಲೆಗೆ ಹೋಗೋಣ. ಅಷ್ಟು ದೂರ ಯಾಕೆ ಅಂದರೆ, ಆಗ ಸೂರತ್ತೂ ನಮ್ಮ ಸಿದ್ದಾಪುರವೂ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡ ಎಲ್ಲಕ್ಕೂ ಅದೇ ಕಂದಾಯ ಕಾನೂನು. ಅಲ್ಲಿನ ರೈತನಿಗೆ ಇದ್ದ ಕಟ್ಟುಪಾಡು ನಮ್ಮ ಮುತ್ತಜ್ಜನಿಗೂ ಇತ್ತು.

ಆ ಪದ್ಧತಿಯಲ್ಲಿ ಮೂವತ್ತು ವರ್ಷಕ್ಕೊಮ್ಮೆ ಕಂದಾಯ ಪರಿಷ್ಕರಣೆ. ಅಧಿಕಾರಿ ಬಂದು ತಾಲೂಕು ಸುತ್ತಿ, ಬೆಲೆ, ಗೇಣಿ, ರಸ್ತೆ, ರೈಲು ಎಲ್ಲ ನೋಡಿ ಇಷ್ಟು ಹೆಚ್ಚಿಸಬಹುದು ಅಂತ ವರದಿ ಬರೆಯುತ್ತಾನೆ. ಮೇಲಿನವರು ಒಪ್ಪಿದರೆ ಮುಂದಿನ ಮೂವತ್ತು ವರ್ಷ ಅದೇ ದರ. ಈ ಲೆಕ್ಕ ತಪ್ಪು ಅನ್ನಿಸಿದರೆ? ಕೋರ್ಟಿಗೆ ಹೋಗುವ ಹಾಗಿಲ್ಲ. 1876ರ ಒಂದು ಕಾಯ್ದೆ ಕಂದಾಯದ ದರದ ಬಗ್ಗೆ ಸಿವಿಲ್ ಕೋರ್ಟುಗಳು ವಿಚಾರಣೆ ಮಾಡಲೇಬಾರದು ಅಂತ ಬಾಗಿಲು ಹಾಕಿತ್ತು. ಉಳಿದದ್ದು ಒಂದೇ, ಅರ್ಜಿ. ಲೆಕ್ಕ ಹಾಕಿದ ಇಲಾಖೆಗೇ ಅರ್ಜಿ!

ಇನ್ನು ಬಾಕಿ ಉಳಿಸಿಕೊಂಡರಂತೂ ಕಾಲು ಭಾಗದಷ್ಟು ದಂಡ. ಅದಕ್ಕೆ ಚೌಥಾಯಿ ಅಂತ ಹೆಸರು. ಆಮೇಲೆ ಪಾತ್ರೆ ಪಗಡ, ದನಕರು ಜಪ್ತಿ. ಕೊನೆಗೆ ಜಮೀನೇ ಸರ್ಕಾರಕ್ಕೆ.

ಬಾರ್ಡೋಲಿ ತಾಲೂಕಿನಲ್ಲಿ 1925-26ರಲ್ಲಿ ಈ ಪರಿಷ್ಕರಣೆ ನಡೆಯಿತು. ಜಯಕರ್ ಎನ್ನುವ ಡೆಪ್ಯುಟಿ ಕಲೆಕ್ಟರ್ ವರದಿ ಬರೆದರು. ತಾಪ್ತಿ ಕಣಿವೆಗೆ ರೈಲು ಬಂದಿದೆ, ಹತ್ತಿ ಬೆಲೆ ಏರಿದೆ, ಒಳ್ಳೊಳ್ಳೆ ಮನೆ ಕಟ್ಟಿದ್ದಾರೆ, ಆದ್ದರಿಂದ 5,14,762 ರೂಪಾಯಿ ಇದ್ದ ಕಂದಾಯವನ್ನು 6,72,273ಕ್ಕೆ ಏರಿಸಬಹುದು ಅಂದರು. ಸುಮಾರು ಶೇಕಡಾ 30. ಅದು ಸೆಟ್ಲ್‌ಮೆಂಟ್ ಕಮಿಷನರ್ ಆಂಡರ್ಸನ್ ಎನ್ನುವವರ ಮೇಜಿಗೆ ಹೋಯಿತು. ಅವರು ಬೆಲೆ ಏರಿಕೆಯ ಮೇಲೆ ಹಾಕಿದ ಈ ತರ್ಕ ಸರಿಯಿಲ್ಲ ಅಂತ ತಳ್ಳಿಹಾಕಿದರು. ಆಮೇಲೆ? ವರದಿಯ ಕೊನೆಯಲ್ಲಿದ್ದ ಗೇಣಿಯ ಪಟ್ಟಿಗಳನ್ನು ಹಿಡಿದುಕೊಂಡು ಬೇರೆಯೇ ದಾರಿಯಲ್ಲಿ ಲೆಕ್ಕ ಹಾಕಿ ಶೇಕಡಾ 29 ಅಂದರು!

ಇಲ್ಲಿ ನನಗೆ ನಗು ಬಂತು. ಲಾಜಿಕ್ ಪೂರ್ತಿ ಬದಲಾಗಿದೆ, ಔಟ್‌ಪುಟ್ ಮಾತ್ರ ಹೆಚ್ಚುಕಡಿಮೆ ಅಷ್ಟೇ. ನಮ್ಮ ಟೀಮಿನಲ್ಲಿ ಯಾರಾದರೂ ಹೀಗೆ ಮಾಡಿದರೆ ‘ಏನಪ್ಪಾ, ಉತ್ತರ ಮೊದಲೇ ಗೊತ್ತಿತ್ತಾ?’ ಅಂತ ಕೇಳುತ್ತೇವೆ. 1927ರಲ್ಲಿ ಸರ್ಕಾರ ಏನೋ ದಯೆ ತೋರಿಸಿದ ಹಾಗೆ ಶೇಕಡಾ 22 ಅಂತ ಅಂತಿಮ ಮಾಡಿತು. ಈ 22 ಎಲ್ಲಿಂದ ಬಂತು? 30 ಹೆಚ್ಚಾಯಿತು ಅಂತ ಇಳಿಸಿದ್ದು, ಅಷ್ಟೇ.

ರೈತರು ಅರ್ಜಿ ಕೊಟ್ಟರು, ಶಾಸನಸಭೆಯ ಸದಸ್ಯರ ಮೂಲಕ ಹೇಳಿಸಿದರು. ಆಗಲಿಲ್ಲ. ಕೊನೆಗೆ ವಲ್ಲಭಭಾಯಿ ಪಟೇಲರ ಬಳಿ ಹೋದರು. 1928ರ ಫೆಬ್ರವರಿ 12ರಂದು ಬಾರ್ಡೋಲಿ ಸತ್ಯಾಗ್ರಹ ಶುರುವಾಯಿತು. ಶಾಲೆಯಲ್ಲಿ ನಾವೆಲ್ಲ ಇದನ್ನು ‘ಕರನಿರಾಕರಣೆ’ ಅಂತ ಓದಿದ್ದೇವೆ, ಅದರಿಂದ ಪಟೇಲರಿಗೆ ಸರ್ದಾರ್ ಎನ್ನುವ ಹೆಸರು ಬಂತು ಅಂತ ಎರಡು ಮಾರ್ಕಿಗೆ ಬರೆದಿದ್ದೇವೆ. ಆದರೆ ಅವರ ಬೇಡಿಕೆ ಏನಿತ್ತು ಗೊತ್ತಾ? ‘ಕಂದಾಯ ಕಟ್ಟುವುದೇ ಇಲ್ಲ’ ಅಂತ ಅಲ್ಲ. ಹಳೇ ದರವನ್ನೇ ಪೂರ್ತಿ ಪಾವತಿ ಅಂತ ತೆಗೆದುಕೊಳ್ಳಿ, ಇಲ್ಲವಾದರೆ ನಿಷ್ಪಕ್ಷಪಾತವಾದ ಒಂದು ನ್ಯಾಯಮಂಡಳಿ ಮಾಡಿ, ಅದು ಲೆಕ್ಕ ನೋಡಲಿ, ಅದು ಹೇಳಿದಷ್ಟು ಕಟ್ಟುತ್ತೇವೆ. ಇಷ್ಟೇ! ಇಡೀ ಹೋರಾಟ ಒಂದು ಅಪೀಲಿಗಾಗಿ.

ಸರ್ಕಾರ ಒಪ್ಪಲಿಲ್ಲ. ಜಪ್ತಿ ಶುರುವಾಯಿತು. ಊರಿನವರು ಹಗಲು ಹೊತ್ತು ಬಾಗಿಲಿಗೆ ಬೀಗ ಹಾಕಿ, ಎಮ್ಮೆಗಳನ್ನೂ ತಮ್ಮ ಜೊತೆ ಮನೆಯೊಳಗೇ ಕಟ್ಟಿಕೊಂಡು ಕೂತರು. ಬೇಸಿಗೆಯ ಆ ಸೆಕೆಯಲ್ಲಿ, ಕತ್ತಲಲ್ಲಿ, ತಿಂಗಳುಗಟ್ಟಲೆ. ಜಪ್ತಿಗೆ ಪಠಾಣರನ್ನು ಕರೆಸಿದರು. ಜಮೀನುಗಳನ್ನು ಸಿಕ್ಕಿದ ಬೆಲೆಗೆ ಮಾರಿದರು. ಬಹಳಷ್ಟು ಊರುಗಳ ಪಟೇಲರು, ಕೆಲವು ತಲಾಟಿಗಳು (ನಮ್ಮ ಶಾನುಭೋಗರಿದ್ದ ಹಾಗೆ) ರಾಜೀನಾಮೆ ಬಿಸಾಕಿದರು.

ಜುಲೈನಲ್ಲಿ ಗವರ್ನರ್ ಲೆಸ್ಲಿ ವಿಲ್ಸನ್ ಮಾತುಕತೆಗೆ ಬಂದರು. ತನಿಖೆ ಮಾಡಿಸುತ್ತೇವೆ, ಆದರೆ ಮೊದಲು ಹೊಸ ದರದಲ್ಲಿ ಪೂರ್ತಿ ಕಟ್ಟಿ. ಅಥವಾ ಹಳೇ ದರಕ್ಕೂ ಹೊಸ ದರಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಪರವಾಗಿ ಯಾರಾದರೂ ಖಜಾನೆಗೆ ತುಂಬಲಿ ಅಂದರು. ‘ಮೊದಲು ಕಟ್ಟು, ಆಮೇಲೆ ವಾದ ಮಾಡು.’ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಆಗಸ್ಟಿನಲ್ಲಿ ಅಂತೂ ಇಂತೂ ಇಬ್ಬರ ಮುಖವೂ ಉಳಿಯುವ ಹಾಗೆ ರಾಜಿಯಾಯಿತು.

ತನಿಖೆಗೆ ನೇಮಕವಾದವರು ಇಬ್ಬರು. ನ್ಯಾಯಾಂಗದ ಕಡೆಯಿಂದ ಬ್ರೂಮ್‌ಫೀಲ್ಡ್, ಕಂದಾಯದ ಕಡೆಯಿಂದ ಮ್ಯಾಕ್ಸ್‌ವೆಲ್. ಈ ಬ್ರೂಮ್‌ಫೀಲ್ಡ್ ಯಾರು ಅಂತೀರಿ? 1922ರಲ್ಲಿ ಗಾಂಧೀಜಿಗೆ ಆರು ವರ್ಷ ಜೈಲು ವಿಧಿಸಿದ ಅದೇ ನ್ಯಾಯಾಧೀಶರು! ರೈತರಿಗಂತೂ ನೆಂಟರಲ್ಲ. ರೈತರ ಪರ ಭೂಲಾಭಾಯಿ ದೇಸಾಯಿ ವಾದಿಸಿದರು. ನರಹರಿ ಪರೀಖ್, ಮಹದೇವ ದೇಸಾಯಿ ಮುಂತಾದವರು ಹಳ್ಳಿ ಹಳ್ಳಿ ಸುತ್ತಿ ಅಂಕಿಅಂಶ ಕೂಡಿಸಿದರು. ನನ್ನ ಪ್ರಕಾರ ಈ ಕಥೆಯಲ್ಲಿ ಯಾರೂ ನೆನೆಯದ ಹೀರೋಗಳು ಇವರೇ, ಲೆಕ್ಕ ಕೂತು ನೋಡಿದವರು.

ಸಮಿತಿಗೆ ಏನು ಸಿಕ್ಕಿತು? ಆಂಡರ್ಸನ್ನರ ಲೆಕ್ಕ ನಿಂತದ್ದೇ ಗೇಣಿ ಪಟ್ಟಿಗಳ ಮೇಲೆ. ಆ ಪಟ್ಟಿಗಳನ್ನು ಸ್ಥಳದಲ್ಲಿ ಸರಿಯಾಗಿ ಪರಿಶೀಲಿಸಿಯೇ ಇರಲಿಲ್ಲ. ಸಾಲಕ್ಕೆ ಜಮೀನು ಬರೆದುಕೊಟ್ಟವನು ಅದೇ ಜಮೀನನ್ನು ಗೇಣಿಗೆ ಉಳುವುದುಂಟು. ಅವನು ಕೊಡುವುದು ಕಾಗದದಲ್ಲಿ ಗೇಣಿ, ನಿಜದಲ್ಲಿ ಬಡ್ಡಿ. ಅಂಥವನ್ನೂ ಗೇಣಿ ಅಂತಲೇ ಹಿಡಿದು, ಭೂಮಿಗೆ ಅಷ್ಟು ಲಾಭ ಇದೆ ಅಂತ ತೋರಿಸಿದ್ದರು. ತಾಲೂಕಿನ ಬಹುಪಾಲು ರೈತರು ಸ್ವಂತ ಜಮೀನು ಉಳುವವರು. ಗೇಣಿ ಜಮೀನು ಕಡಿಮೆ ಇರುವ ಕಡೆ ಗೇಣಿ ಲೆಕ್ಕ ಎಲ್ಲರಿಗೂ ಹೇಗೆ ಹೊಂದುತ್ತದೆ? ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಫಾರ್ಮುಲಾ ಆಮೇಲಿನ ಮಾತು, ಇನ್‌ಪುಟ್ ಡೇಟಾವೇ ಕಸ.

1929ರಲ್ಲಿ ವರದಿ ಬಂತು. ನ್ಯಾಯವಾದ ಏರಿಕೆ ಸುಮಾರು ಶೇಕಡಾ 6. ಜಯಕರ್ 30, ಆಂಡರ್ಸನ್ 29, ಸರ್ಕಾರ 22, ಹೊರಗಿನ ಕಣ್ಣು ನೋಡಿದ ಮೇಲೆ 6! ಗಾಂಧೀಜಿಯನ್ನು ಜೈಲಿಗೆ ಹಾಕಿದ ಜಡ್ಜೇ ಹೇಳಿದ ಅಂಕಿ ಇದು. ಹಾಗಾಗಿ ಪಕ್ಷಪಾತ ಅಂತ ಹೇಳುವ ಹಾಗೂ ಇಲ್ಲ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬಾರ್ಡೋಲಿಯ ಜಮೀನುದಾರ ರೈತರಿಗೆ ನ್ಯಾಯ ಸಿಕ್ಕಿತು. ಅವರ ಹೊಲದಲ್ಲಿ ಸಾಲಕ್ಕೆ ಕಟ್ಟುಬಿದ್ದು ತಲೆಮಾರುಗಟ್ಟಲೆ ದುಡಿಯುತ್ತಿದ್ದ ಹಾಳಿಗಳ ಲೆಕ್ಕವನ್ನು ಮಾತ್ರ ಯಾವ ಸಮಿತಿಯೂ ಮರುಪರಿಶೀಲನೆ ಮಾಡಲಿಲ್ಲ. ಅಪೀಲು ಇರುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ.

ನಮ್ಮ ಕಡೆಗೂ ಇದರ ಬಿಸಿ ತಟ್ಟಿತು. 1930ರಿಂದ 1932ರ ಹೊತ್ತಿಗೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಅದು ಲೆಕ್ಕದ ಜಗಳಕ್ಕಿಂತ ಹೆಚ್ಚಾಗಿ ಸ್ವಾತಂತ್ರ್ಯದ ಜಗಳ. ಮನೆ, ಗದ್ದೆ, ತೋಟ ಹರಾಜಾದವು. 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ವಾಪಸು ಕೊಡಿಸುವ ಕೆಲಸ ಶುರುವಾಯಿತು. ವಾಪಸು ಕೇಳಲು ಬೇಕಾಗಿದ್ದು ಏನು? ಕಾಗದ. ಅಜ್ಜನ ಮಾತು ಎಲ್ಲಿಂದ ಬಂತು ಅಂತ ಆಗ ನನಗೆ ಹೊಳೆಯಿತು.

*

ಇಷ್ಟೆಲ್ಲ ಕಂದಾಯದ ಮಾತಾಯಿತು, ಇನ್‌ಕಮ್ ಟ್ಯಾಕ್ಸ್ ಕಥೆ ಏನು? 1857ರ ದಂಗೆಯ ಖರ್ಚಿನಿಂದ ಖಾಲಿಯಾದ ಖಜಾನೆ ತುಂಬಿಸಲು ಜೇಮ್ಸ್ ವಿಲ್ಸನ್ 1860ರಲ್ಲಿ ಅದನ್ನು ತಂದರು. 1922ರ ಕಾಯ್ದೆಯಲ್ಲಿ ಅಪೀಲು ಇತ್ತು. ಆದರೆ ಆಫೀಸರ್ ಹಾಕಿದ ತೆರಿಗೆ ತಪ್ಪು ಅನ್ನಿಸಿದರೆ ಅಸಿಸ್ಟೆಂಟ್ ಕಮಿಷನರ್ ಹತ್ತಿರ, ಅವರೂ ಕೇಳದಿದ್ದರೆ ಕಮಿಷನರ್ ಹತ್ತಿರ. ಎಲ್ಲರೂ ಒಂದೇ ಮನೆಯವರು. ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಹೈಕೋರ್ಟಿಗೆ. ‘ನನ್ನ ಅಂಗಡಿಯಲ್ಲಿ ಅಷ್ಟು ವ್ಯಾಪಾರವೇ ಆಗಿಲ್ಲ ಸ್ವಾಮಿ’ ಅನ್ನುವ ವಾಸ್ತವದ ಜಗಳವನ್ನು ಹೊರಗಿನವರು ಕೇಳುತ್ತಿರಲಿಲ್ಲ.

ಕಾಯ್ದೆಗೆ 1939ರಲ್ಲಿ ತಿದ್ದುಪಡಿಯಾಗಿ, 1941ರ ಜನವರಿ 25ರಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಶುರುವಾಯಿತು. ದೆಹಲಿ, ಕಲ್ಕತ್ತಾ, ಮುಂಬೈಯಲ್ಲಿ ಮೂರು ಪೀಠ, ಆರು ಜನ ಸದಸ್ಯರು. ಒಂದೊಂದು ಪೀಠದಲ್ಲಿ ಕಾನೂನು ಬಲ್ಲವರೊಬ್ಬರು, ಲೆಕ್ಕ ಬಲ್ಲವರೊಬ್ಬರು. ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ನೆನಪಾದರಾ? ಅಲ್ಲಿಂದಲೇ ನಕಲು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಬಾರ್ಡೋಲಿಯವರು ಎಮ್ಮೆ ಕಟ್ಟಿಕೊಂಡು ಕತ್ತಲಲ್ಲಿ ಕೂತು ಕೇಳಿದ ವಸ್ತು ಇದೇ ತಾನೆ? ಮುಖ್ಯವಾದ ಸಂಗತಿ ಏನೆಂದರೆ ಈ ಮಂಡಳಿ ಮರುವರ್ಷವೇ ಅರ್ಥಖಾತೆಯ ಹಿಡಿತದಿಂದ ಹೊರಗೆ ಬಂತು. ಇವತ್ತಿಗೂ ಅದು ಇರುವುದು ಕಾನೂನು ಸಚಿವಾಲಯದ ಅಡಿಯಲ್ಲಿ. ತೆರಿಗೆ ಹಾಕುವ ಮನೆ ಬೇರೆ, ಜಗಳ ತೀರಿಸುವ ಮನೆ ಬೇರೆ. ವಾಸ್ತವಾಂಶದ ವಿಷಯದಲ್ಲಿ ಅದರ ಮಾತೇ ಕೊನೆಯ ಮಾತು. ಕಂದಾಯದ ತಗಾದೆಗಳಿಗೂ ನಮ್ಮ ರಾಜ್ಯದಲ್ಲಿ 1976ರ ಕಾಯ್ದೆಯ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ ಇದೆ.

ಹಾಗಂತ ಎಲ್ಲ ಸುಖಾಂತ್ಯ ಅಂತ ಅಲ್ಲ. ‘ಮೊದಲು ಕಟ್ಟು’ ಎನ್ನುವ ಗವರ್ನರ್ ಸಾಹೇಬರ ಮಾತು ಇನ್ನೂ ಬದುಕಿದೆ. ಮೊದಲ ಅಪೀಲು ಹಾಕಿದರೂ ವಸೂಲಿಗೆ ತಡೆ ಸಿಗಬೇಕಾದರೆ ಸಾಮಾನ್ಯವಾಗಿ ವಿವಾದದ ಮೊತ್ತದಲ್ಲಿ ಶೇಕಡಾ 20 ಕಟ್ಟಬೇಕು ಅಂತ 2017ರಲ್ಲಿ ನೇರ ತೆರಿಗೆ ಮಂಡಳಿ ಹೇಳಿತು. ಅದಕ್ಕೂ ಮೊದಲು ಅದು ಶೇಕಡಾ 15 ಇತ್ತು. ನಗರದ ಹಳೇ ಬಾಕಿಯ ಭೂತವೂ ಹೋಗಿರಲಿಲ್ಲ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ಅರ್ಥಸಚಿವರೇ ಹೇಳಿದರು, 1962ರಷ್ಟು ಹಿಂದಿನ ಸಣ್ಣಪುಟ್ಟ ಬಾಕಿಗಳು ಪರಿಶೀಲನೆಯೇ ಆಗದೆ ಪುಸ್ತಕದಲ್ಲಿ ಕೂತಿವೆ ಅಂತ. 2009-10ರ ವರೆಗಿನ ವರ್ಷಗಳಿಗೆ 25,000 ರೂಪಾಯಿವರೆಗೆ, 2010-11ರಿಂದ 2014-15ರ ವರೆಗೆ 10,000 ರೂಪಾಯಿವರೆಗೆ ಇದ್ದ ಅಂಥ ಬಾಕಿಗಳನ್ನು ಕೈಬಿಟ್ಟರು. ಒಬ್ಬರಿಗೆ ಒಟ್ಟು ಒಂದು ಲಕ್ಷದ ಮಿತಿ. ಈ ಸಲ ಮನ್ನಾ ಮತ್ತೆ ತೆರೆಯದಿರಲಿ ಅಂತ ಹಾರೈಸೋಣ :)

*

ನನ್ನ 38,420ಕ್ಕೆ ಬರೋಣ. ಕಾರಣ ಬರೆದು, ಪೇ ಸ್ಲಿಪ್ಪು, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಜೋಡಿಸಿಟ್ಟೆ. ಹುಡುಕುವಾಗ ಗೊತ್ತಾದದ್ದು, ಸಂಬಳದಿಂದ ಒಮ್ಮೆ ತೆರಿಗೆ ಮುರಿದುಕೊಂಡ ಮೇಲೆ ಅದೇ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲು ಮಾಡುವಂತಿಲ್ಲ ಅಂತ ಕಾನೂನೇ ಇದೆ. 2015ರಲ್ಲಿ ಮಂಡಳಿ ತನ್ನ ಅಧಿಕಾರಿಗಳಿಗೆ ಇದನ್ನು ನೆನಪಿಸಿಯೂ ಇತ್ತು. ಹಳೇ ಕಂಪನಿಗೆ ಹನ್ನೊಂದು ಮೇಲ್ ಹಾಕಿದೆ (ಎಣಿಸಿದ್ದೇನೆ). ಕೊನೆಗೆ ಅವರು ಪ್ಯಾನ್ ತಿದ್ದಿ ಲೆಕ್ಕ ಮತ್ತೆ ಸಲ್ಲಿಸಿದರು. ನಾನು ರೆಕ್ಟಿಫಿಕೇಶನ್ ಅರ್ಜಿ ಹಾಕಿದೆ. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಲ್ ಬಂತು. ಬಾಕಿ ಸೊನ್ನೆ.

ಹೋರಾಟ ಅನ್ನುವಷ್ಟು ದೊಡ್ಡದೇನೂ ನಾನು ಮಾಡಲಿಲ್ಲ. ಚೇರ್ ಮೇಲೆ ಕೂತು ಕ್ಲಿಕ್ ಮಾಡಿದೆ ಅಷ್ಟೇ. ಆದರೆ ಹಾಗೆ ಕೂತು ಕ್ಲಿಕ್ ಮಾಡಲು ಆಗುವುದೇ ದೊಡ್ಡದು ಅಂತ ಈಗ ಅನ್ನಿಸುತ್ತದೆ. ನಗರದ ರೈತ ಇದೇ ಮಾತು ಹೇಳಿದಾಗ ಸೈನ್ಯ ಬಂತು. ಬಾರ್ಡೋಲಿಯವನು ಹೇಳಿದಾಗ ಎಮ್ಮೆ ಹೋಯಿತು, ಹೊಲ ಹೋಯಿತು. ನನಗೆ ಹೋದದ್ದು ಐದು ತಿಂಗಳ ನಿದ್ದೆ ಮಾತ್ರ. ಕೋಡ್ ಬರೆದವನೇ ಅದನ್ನು ಟೆಸ್ಟ್ ಮಾಡಿ ಪಾಸ್ ಅನ್ನಬಾರದು ಅಂತ ನಮಗೆ ಟ್ರೈನಿಂಗಿನಲ್ಲೇ ಹೇಳಿಕೊಡುತ್ತಾರೆ. ಅದನ್ನು ಸರ್ಕಾರಗಳಿಗೆ ಕಲಿಸಲು ನಮ್ಮ ಹಿರಿಯರಿಗೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಆದ್ದರಿಂದ ನಿಮಗೂ ಎಂದಾದರೂ ಅಂಥ ಮೇಲ್ ಬಂದರೆ ಗಾಬರಿಯಲ್ಲಿ ಕಟ್ಟಿಬಿಡಬೇಡಿ, ಸಿಟ್ಟಿನಲ್ಲಿ ಡಿಲೀಟ್ ಮಾಡಲೂ ಬೇಡಿ. ಕೊಟ್ಟ ಗಡುವು ನೋಡಿ. ಲೆಕ್ಕ ಕೂತು ನೋಡಿ. ಬಾಕಿ ನಿಜವಾಗಿದ್ದರೆ ಕಟ್ಟಿ. ತಪ್ಪಾಗಿದ್ದರೆ ‘ಒಪ್ಪುವುದಿಲ್ಲ’ ಒತ್ತಿ. ಅದು ಉದ್ಧಟತನ ಅಲ್ಲ.

ಬಾಕಿ ಸೊನ್ನೆಯಾದದ್ದನ್ನು ಅಜ್ಜನಿಗೆ ಹೇಳಿದೆ. ‘ಆ ಕಾಗದವನ್ನೂ ಇಟ್ಕ’ ಅಂದರು.

ನಿಮ್ಮ ಮನೆಯ ಅಟ್ಟದ ಮೇಲೆ, ಹಳೇ ಟ್ರಂಕಿನೊಳಗೆ ಮುತ್ತಜ್ಜನ ಕಾಲದ ಕಂದಾಯದ ರಸೀದಿ, ಜಪ್ತಿ ನೋಟೀಸು ಏನಾದರೂ ಇದೆಯಾ? ಇದ್ದರೆ ಗೆದ್ದಲು ತಿನ್ನುವ ಮೊದಲು ಒಂದು ಫೋಟೋ ತೆಗೆದಿಡಿ. ನನಗೂ ತಿಳಿಸಿ.